ದಿಲ್ಲಿಯ ಹೊಳೆಮತ್ತಿ

ಊರಿಗೆ ಹೋದಾಗಲೆಲ್ಲ ನೆಂಟರು ಕೇಳುವ ಪ್ರಶ್ನೆ ಒಂದೇ. "ಆ ದಿಲ್ಲೀಲಿ ಅದು ಹೇಗಪ್ಪಾ ಇದ್ದೀಯ? ಬೇಸಿಗೇಲಿ ಬೆಂಕಿ, ಚಳೀಲಿ ಹೊಗೆ. ಒಂದು ಮರಾನಾದ್ರೂ ಇದೆಯೇನೋ ಅಲ್ಲಿ?" ಬೆಂಕಿಯೂ ಹೊಗೆಯೂ ನಿಜ. ಆದರೆ ಮರದ ವಿಷಯಕ್ಕೆ ಬಂದರೆ ನಾನು ಸುಮ್ಮನಿರುವುದಿಲ್ಲ. "ಮರ ಇದೆ. ನಮ್ಮ ಹೊಳೆಮತ್ತೀನೇ ಇದೆ" ಅನ್ನುತ್ತೇನೆ. ಅವರು ನಂಬುವುದಿಲ್ಲ. ಹೊಳೆ ದಂಡೆಯ ಮರಕ್ಕೂ ದಿಲ್ಲಿಯ ಡಾಂಬರಿಗೂ ಎತ್ತಣಿಂದೆತ್ತ ಸಂಬಂಧ ಅನ್ನುತ್ತಾರೆ. ಕಾಲೇಜಿನಲ್ಲಿ ಮೂವತ್ತೈದು ವರ್ಷ ಚರಿತ್ರೆ ಪಾಠ ಮಾಡಿದವನು ನಾನು. ಆದರೂ ಈ ಸಂಬಂಧವನ್ನು ಒಂದು ಕಡೆ ಕೂತು ಬರೆದಿರಲಿಲ್ಲ. ಈಗ ಬರೆಯುತ್ತಿದ್ದೇನೆ.

ನಮ್ಮದು ಶ್ರೀರಂಗಪಟ್ಟಣದ ಆಚೆ, ಕಾವೇರಿ ದಂಡೆಯ ಒಂದು ಸಣ್ಣ ಹಳ್ಳಿ. ಕಾವೇರಿಯನ್ನು ಅಲ್ಲಿ ಯಾರೂ ಕಾವೇರಿ ಅನ್ನುತ್ತಿರಲಿಲ್ಲ, 'ಹೊಳೆ' ಅಷ್ಟೆ. ಹೊಳೆಗೆ ಇಳಿಯುವ ಮೆಟ್ಟಿಲ ಪಕ್ಕ ಹೊಳೆಮತ್ತಿಯ ಸಾಲು. ಕಾಡಿನಲ್ಲಿ ಬೆಳೆಯುವ ಕರಿಮತ್ತಿಯದು ಮೊಸಳೆ ಚರ್ಮದ ಹಾಗೆ ಬಿರುಕುಬಿಟ್ಟ ಕಪ್ಪು ತೊಗಟೆ. ಹೊಳೆಮತ್ತಿಯದು ಹಾಗಲ್ಲ. ನುಣುಪು, ಬೂದಿ ಬಣ್ಣ, ಅಲ್ಲಲ್ಲಿ ನಸುಗೆಂಪು. ವರ್ಷವರ್ಷವೂ ಹಪ್ಪಳದ ಹಾಗೆ ಚಕ್ಕೆಚಕ್ಕೆಯಾಗಿ ಸುಲಿದು ಬೀಳುತ್ತದೆ. ಅದಕ್ಕೇ ಬಿಳಿಮತ್ತಿ ಅಂತಲೂ ಹೆಸರು. ನೀರುಮತ್ತಿ, ತೊರೆಮತ್ತಿ ಅನ್ನುವವರೂ ಇದ್ದಾರೆ. ಸಂಸ್ಕೃತದಲ್ಲಿ ಅರ್ಜುನ, ಅಂದರೆ ಬಿಳುಪು. ಭಾಗವತದಲ್ಲಿ ಒರಳಿಗೆ ಕಟ್ಟಿಸಿಕೊಂಡ ಕೃಷ್ಣ ನಡುವೆ ನುಸುಳಿ ಕೆಡವುತ್ತಾನಲ್ಲ, ಆ ಯಮಳಾರ್ಜುನ ಮರಗಳು ಇವೇ. ಹೃದಯಕ್ಕೆ ಒಳ್ಳೆಯದು ಅಂತ ಆಯುರ್ವೇದದವರು ಇದರ ತೊಗಟೆಯ ಅರಿಷ್ಟ ಮಾಡುತ್ತಾರೆ. ಟಸರ್ ರೇಷ್ಮೆಯ ಹುಳುವಿಗೆ ಇದರ ಎಲೆಯೇ ಮೇವು.

ಅಪ್ಪ ದಿಲ್ಲಿಗೆ ಬಂದದ್ದು 1959ರಲ್ಲಿ, ಕೇಂದ್ರ ಸರ್ಕಾರದ ಕಚೇರಿಯೊಂದರ ಗುಮಾಸ್ತರಾಗಿ. ಅಮ್ಮ ಮತ್ತು ನಾನು ಊರಿನಲ್ಲೇ ಇದ್ದೆವು. ನನಗಾಗ ಎರಡು ವರ್ಷ. ಅಪ್ಪ ಬರೆದ ಮೊದಮೊದಲ ಕಾಗದಗಳಲ್ಲಿ ಒಂದನ್ನು ಅಮ್ಮ ಕೊನೆಯವರೆಗೂ ಇಟ್ಟುಕೊಂಡಿದ್ದಳು. ಅನ್ನ ಸರಿಯಿಲ್ಲ, ಹಿಂದಿ ನಾಲಿಗೆಗೆ ಹೊರಳುವುದಿಲ್ಲ, ಎಲ್ಲರೂ 'ಮದ್ರಾಸಿ' ಅಂತ ಕರೆಯುತ್ತಾರೆ, ಮೈಸೂರು ಅಂದರೆ ಅದು ಮದ್ರಾಸಿನಲ್ಲಿ ಎಲ್ಲಿ ಬರುತ್ತೆ ಅಂತ ಕೇಳುತ್ತಾರೆ. ಇಷ್ಟೆಲ್ಲ ಬರೆದ ಮೇಲೆ ಕೊನೆಗೊಂದು ಸಾಲು: ಇಲ್ಲಿ ಜನಪಥ ಅಂತ ಒಂದು ರಸ್ತೆ ಇದೆ, ಅದರ ಎರಡೂ ಕಡೆ ನಮ್ಮ ಹೊಳೆಮತ್ತಿ ನಿಂತಿದೆ, ಸಂಜೆ ಅಲ್ಲೇ ನಡೆದು ಹೋಗುತ್ತೇನೆ.

ಆ ಮರಗಳು ಜನಪಥಕ್ಕೆ ಹೇಗೆ ಬಂದವು ಅನ್ನುವುದು ಅಪ್ಪನಿಗೆ ಗೊತ್ತಿರಲಿಲ್ಲ. ನನಗೂ ಬಹಳ ಕಾಲ ಗೊತ್ತಿರಲಿಲ್ಲ.

ಕಲ್ಕತ್ತೆಯಿಂದ ದಿಲ್ಲಿಗೆ ರಾಜಧಾನಿ ಬದಲಾಗುತ್ತದೆಂದು ಐದನೇ ಜಾರ್ಜ್ ದೊರೆ ದರ್ಬಾರಿನಲ್ಲಿ ಸಾರಿದ್ದು 1911ರ ಡಿಸೆಂಬರ್ 12ರಂದು. ಮರುವರ್ಷ ನಗರಯೋಜನಾ ಸಮಿತಿ ಬಂತು. ಸ್ವಿಂಟನ್, ಬ್ರಾಡಿ, ಲುಟ್ಯೆನ್ಸ್ ಅದರ ಸದಸ್ಯರು. ಅವರು ಆರಿಸಿದ್ದು ರೈಸಿನಾ ಗುಡ್ಡದ ಸುತ್ತಲ ಬಯಲನ್ನು: ಕಲ್ಲು, ಮುಳ್ಳುಪೊದೆ, ಹಳೆಯ ಗೋರಿಗಳು, ನಡುವೆ ಕೆಲವು ಹಳ್ಳಿ. ಆ ಹಳ್ಳಿಗಳ ಜನರನ್ನು ಎಬ್ಬಿಸಿಯೇ ಹೊಸದಿಲ್ಲಿ ಎದ್ದಿತು. ಇದನ್ನು ನಾನು ಪಾಠದಲ್ಲಿ ಪ್ರತಿ ವರ್ಷ ಹೇಳುತ್ತಿದ್ದೆ. ಮುಂದೆ ಇದು ನನಗೇ ಬೇರೆ ರೀತಿಯಲ್ಲಿ ನೆನಪಾಗಬೇಕಾಗಿತ್ತು.

ಕಟ್ಟಡಗಳಿಗಿಂತ ಮೊದಲೇ ರಸ್ತೆ, ರಸ್ತೆಯ ಜೊತೆಜೊತೆಗೇ ಮರ. ಇದು ಅವರ ಕ್ರಮ. ಮರ ಬೆಳೆಯಲು ಇಪ್ಪತ್ತು ವರ್ಷ ಬೇಕು, ಕಟ್ಟಡಕ್ಕೆ ಅಷ್ಟು ಬೇಡ ಅನ್ನುವ ಸರಳ ಲೆಕ್ಕ. ನಾಟಿಯ ಕೆಲಸ ತೋಟಗಾರಿಕೆಯ ಅಧಿಕಾರಿ ಡಬ್ಲ್ಯು. ಆರ್. ಮಸ್ಟೋ ಕೈಯಲ್ಲಿತ್ತು. ಗುಲಾಬಿ ಬೆಳೆಸುವುದರಲ್ಲಿ ಹೆಸರಾಗಿದ್ದ ಮನುಷ್ಯ. ರಸ್ತೆಗೊಂದು ಜಾತಿ ಅಂತ ಗೊತ್ತುಮಾಡಿದರು. ಇಂದಿಗೂ ನಡೆದು ನೋಡಿದರೆ ಅದು ಕಾಣುತ್ತದೆ: ಅಕ್ಬರ್ ರಸ್ತೆಯಲ್ಲಿ ಹುಣಸೆ, ಲೋಧಿ ರಸ್ತೆಯಲ್ಲಿ ಬೇವು, ರಾಜಪಥದಲ್ಲಿ ನೇರಳೆ (2022ರಿಂದ ಅದು ಕರ್ತವ್ಯಪಥ), ಜನಪಥದಲ್ಲಿ ಹೊಳೆಮತ್ತಿ. ಜನಪಥದ ಆಗಿನ ಹೆಸರು ಕ್ವೀನ್ಸ್‌ವೇ. 1931ರ ಫೆಬ್ರವರಿಯಲ್ಲಿ ಹೊಸದಿಲ್ಲಿಯ ಉದ್ಘಾಟನೆ ಆಗುವ ಹೊತ್ತಿಗೆ ಮರಗಳು ಇನ್ನೂ ಎಳೆಯವು. ಅವು ನೆರಳು ಕೊಡುವ ಹೊತ್ತಿಗೆ ನೆಟ್ಟವರ ಸಾಮ್ರಾಜ್ಯವೇ ಮುಗಿದಿತ್ತು. ನೆರಳು ಸಿಕ್ಕಿದ್ದು ಅಪ್ಪನಂಥ ಗುಮಾಸ್ತರಿಗೆ.

ನಮ್ಮ ಬೆಂಗಳೂರಿನ ರೀತಿಯೇ ಬೇರೆ ಅನ್ನುವುದನ್ನು ಇಲ್ಲಿ ಹೇಳಬೇಕು. 1908ರಲ್ಲಿ ಬರೋಡೆಯಿಂದ ಬೆಂಗಳೂರಿಗೆ ಬಂದ ಜರ್ಮನ್ ತೋಟಗಾರ ಕ್ರುಂಬಿಗಲ್, ಒಂದು ಮರದ ಹೂ ಮುಗಿಯುವಾಗ ಇನ್ನೊಂದರದು ಶುರುವಾಗಬೇಕು ಅಂತ ಲೆಕ್ಕ ಹಾಕಿ ರಸ್ತೆಗಳಿಗೆ ಮರ ಹಾಕಿಸಿದರು. ದಿಲ್ಲಿಯವರಿಗೆ ಬೇಕಾಗಿದ್ದದ್ದು ಹೂವಲ್ಲ. ವರ್ಷವಿಡೀ ಹಸಿರು, ಒಂದೇ ಸಮನಾದ ಸಾಲು, ಗಾಂಭೀರ್ಯ. ಬೆಂಗಳೂರಿನ ರಸ್ತೆ ಹಬ್ಬದ ಮನೆಯ ಹಾಗೆ, ದಿಲ್ಲಿಯ ರಸ್ತೆ ಕಚೇರಿಯ ಹಾಗೆ. ಅಷ್ಟಾಗಿಯೂ ಆ ಗಾಂಭೀರ್ಯದ ನಡುವೆ ಬೆಳೆದ ನೇರಳೆ ಜೂನ್-ಜುಲೈ ತಿಂಗಳಲ್ಲಿ ರಸ್ತೆಯನ್ನೆಲ್ಲ ನೀಲಿ ಮಾಡಿಬಿಡುತ್ತದೆ. ಹಣ್ಣಿನ ಗುತ್ತಿಗೆ ಹಿಡಿದವರು ಕೆಳಗೆ ಬಟ್ಟೆ ಹಿಡಿದು ಕೊಂಬೆ ಅಲುಗಿಸುತ್ತಾರೆ.

ಹೊಳೆ ದಂಡೆಯ ಮರ ಈ ಒಣ ನೆಲದಲ್ಲಿ ಬದುಕಿದ್ದು ಹೇಗೆ? ಇದು ನನ್ನನ್ನು ಬಹಳ ಕಾಡಿದ ಪ್ರಶ್ನೆ. ಉತ್ತರ ಸಿಕ್ಕಿದ್ದು ದಿಲ್ಲಿಯಲ್ಲಲ್ಲ, ಅಮೆರಿಕದ ಹ್ಯೂಸ್ಟನ್‌ನಲ್ಲಿ, ಮಗಳ ಮನೆಯ ಅಂಗಳದಲ್ಲಿ. ಅಲ್ಲಿ ಅವಳು ಬಾಲ್ಡ್ ಸೈಪ್ರೆಸ್ ಅನ್ನುವ ಮರ ಹಾಕಿದ್ದಾಳೆ. ಅಲ್ಲಿನ ದಕ್ಷಿಣ ಸೀಮೆಯ ಜೌಗುಗಳಲ್ಲಿ ಸೊಂಟದವರೆಗೆ ನೀರಿನಲ್ಲಿ ನಿಂತು ಬೆಳೆಯುವ ಮರ ಅದು. ಸೂಜಿ ಎಲೆಯ ಜಾತಿಯಾದರೂ ಚಳಿಗಾಲಕ್ಕೆ ಎಲೆಯೆಲ್ಲ ತುಕ್ಕಿನ ಬಣ್ಣಕ್ಕೆ ತಿರುಗಿ ಉದುರಿ ಬೋಳಾಗುತ್ತದೆ. ಅದಕ್ಕೇ 'ಬೋಳು' ಅನ್ನುವ ಹೆಸರು. ಜೌಗಿನಲ್ಲಿ ಅದರ ಬೇರು ಮೊಣಕಾಲಿನ ಹಾಗೆ ನೀರಿನಿಂದ ಮೇಲಕ್ಕೆ ಎದ್ದು ನಿಲ್ಲುತ್ತದೆ. ಅಂಥ ಒಂದು ಮರಕ್ಕೆ 2,624 ವರ್ಷ ವಯಸ್ಸೆಂದು ಉತ್ತರ ಕ್ಯಾರೊಲಿನಾದ ಬ್ಲ್ಯಾಕ್ ನದಿಯ ಬಳಿ ಎಣಿಸಿದ್ದಾರೆ. 2019ರಲ್ಲಿ ಆ ಲೆಕ್ಕ ಪ್ರಕಟವಾಯಿತು. ನಮ್ಮಲ್ಲಿ ಬುದ್ಧ ಇದ್ದ ಕಾಲದ ಆಸುಪಾಸು.

"ಜೌಗಿನ ಮರಾನ ಒಣ ಅಂಗಳದಲ್ಲಿ ಹಾಕಿದ್ದೀಯಲ್ಲೇ, ಬದುಕತ್ತಾ?" ಅಂತ ಕೇಳಿದೆ.

"ಊರೆಲ್ಲ ಇದನ್ನೇ ಹಾಕ್ತಾರೆ ಅಪ್ಪ. ನರ್ಸರಿಯವನು ಹೇಳಿದ, ಜೌಗಲ್ಲಿ ಬದುಕೋ ಮರಕ್ಕೆ ಸಿಟಿ ಅಂದ್ರೆ ಏನೂ ಕಷ್ಟ ಇಲ್ವಂತೆ" ಅಂದಳು.

ಆಮೇಲೆ ಓದಿ ತಿಳಿದುಕೊಂಡೆ. ಸದಾ ನೀರು ನಿಂತ ಮಣ್ಣಿನಲ್ಲಿ ಬೇರಿಗೆ ಗಾಳಿ ಸಿಗುವುದಿಲ್ಲ. ಜನ ತುಳಿದು, ಗಾಡಿ ಓಡಾಡಿ, ಡಾಂಬರು ಮುಚ್ಚಿದ ಪೇಟೆಯ ಮಣ್ಣಿನಲ್ಲೂ ಸಿಗುವುದಿಲ್ಲ. ಆದ್ದರಿಂದ ಉಸಿರು ಕಟ್ಟಿದ ನೆಲದಲ್ಲಿ ಬಾಳಲು ಕಲಿತ ಮರ ಎರಡೂ ಕಡೆ ತಾಳುತ್ತದೆ. ಮೊದಲ ಕೆಲವು ವರ್ಷ ನೀರು ಕೊಟ್ಟು, ಬೇರು ಆಳಕ್ಕೆ ಇಳಿಯುವಂತೆ ನೋಡಿಕೊಂಡರೆ ಆಯಿತು. ನಮ್ಮ ಹೊಳೆಮತ್ತಿ ಮತ್ತು ನೇರಳೆ, ಎರಡೂ ಹೊಳೆ ತೊರೆಗಳ ಪಕ್ಕದ ಮರಗಳು, ದಿಲ್ಲಿಯ ರಸ್ತೆಯಲ್ಲಿ ನೂರು ವರ್ಷ ತುಂಬಿಸುತ್ತಿರುವುದಕ್ಕೆ ಇದೂ ಒಂದು ಕಾರಣ ಅಂತ ನನಗೆ ಅನ್ನಿಸುತ್ತದೆ.

ಇನ್ನು ನಮ್ಮ ಮನೆಯ ಮರದ ಕಥೆ.

1963ರಲ್ಲಿ ಅಪ್ಪನಿಗೆ ದಕ್ಷಿಣ ದಿಲ್ಲಿಯ ಸರ್ಕಾರಿ ಕಾಲೋನಿಯೊಂದರಲ್ಲಿ ಕ್ವಾರ್ಟರ್ಸ್ ಸಿಕ್ಕಿತು. ನೆಲಮಾಳಿಗೆಯಲ್ಲ, ನೆಲದ ಮೇಲಿನದೇ. ಎರಡು ಕೋಣೆ, ಹಿಂದೆ ಅಂಗಳ, ಮುಂದೆ ಬೇಲಿ ಹಾಕಿಕೊಂಡ ಒಂದು ತುಂಡು ಜಾಗ. ನಾವೂ ಬಂದೆವು. 1965ರ ಬೇಸಿಗೆ ರಜೆಯಲ್ಲಿ ಊರಿಗೆ ಹೋದೆವು: ಜಿ.ಟಿ. ಎಕ್ಸ್‌ಪ್ರೆಸ್ಸಿನಲ್ಲಿ ಮದ್ರಾಸು, ಅಲ್ಲಿಂದ ಬೆಂಗಳೂರು, ಅಲ್ಲಿಂದ ಊರು. ವಾಪಸು ಹೊರಡುವ ದಿನ ಅಪ್ಪ ಹೊಳೆ ಮೆಟ್ಟಿಲ ಹತ್ತಿರ ಬಗ್ಗಿ ಬಗ್ಗಿ ಏನೋ ಆರಿಸುತ್ತಿದ್ದರು. ನೋಡಿದರೆ ಹೊಳೆಮತ್ತಿಯ ಒಣಕಾಯಿ. ಐದು ಏಣಿನ, ರೆಕ್ಕೆ ಇರುವ ಗಟ್ಟಿ ಕಾಯಿ ಅದು. ಕರವಸ್ತ್ರದಲ್ಲಿ ಒಂದು ಹಿಡಿ ಕಟ್ಟಿಕೊಂಡರು.

ದಿಲ್ಲಿಯಲ್ಲಿ ಅದನ್ನು ಎರಡು ದಿನ ನೀರಲ್ಲಿ ನೆನೆಹಾಕಿ ಡಾಲ್ಡಾ ಡಬ್ಬಗಳಲ್ಲಿ ಬಿತ್ತಿದರು. ಒಂದು ತಿಂಗಳಾದರೂ ಸುದ್ದಿಯಿಲ್ಲ. ಅಮ್ಮ ಡಬ್ಬ ಬಿಸಾಡಲು ಹೊರಟಾಗ, ಎರಡನೇ ತಿಂಗಳ ಹತ್ತಿರ, ಎರಡು ಮೊಳೆತವು. ಒಂದು ಚಳಿಗೆ ಹೋಯಿತು. ಉಳಿದದ್ದನ್ನು 1966ರ ಮಳೆಗಾಲದಲ್ಲಿ ಮುಂದಿನ ಜಾಗದಲ್ಲಿ ನೆಟ್ಟರು.

ಅಮ್ಮನಿಗೆ ಅದು ಇಷ್ಟವಿರಲಿಲ್ಲ. "ನುಗ್ಗೆ ಹಾಕಿ, ಕರಿಬೇವು ಹಾಕಿ, ಸಾರಿಗಾದ್ರೂ ಆಗತ್ತೆ. ಆನೆ ಗಾತ್ರ ಬೆಳೆಯೋ ಮರ ಹಾಕ್ತೀರಲ್ಲ, ಇದೇನು ನಮ್ಮ ಮನೆಯೇನ್ರೀ? ರಿಟೈರಾದ ದಿನ ಬೀಗದ ಕೈ ಕೊಟ್ಟು ಹೋಗ್ಬೇಕು" ಅಂದಳು. ಅಪ್ಪ ಮಾತಾಡಲಿಲ್ಲ. ಕಾಲೋನಿಯ ಮಾಲಿ ಮಥುರಾ ಕಡೆಯವನು. ಅಪ್ಪ ಎರಡು ಸಾವಿರ ಕಿಲೋಮೀಟರ್ ದೂರದಿಂದ ಬೀಜ ತಂದದ್ದು ಕೇಳಿ ನಕ್ಕೂ ನಕ್ಕೂ ಸುಸ್ತಾದ. "ಬಾಬೂಜಿ, ಯೇ ತೋ ಹಮಾರಾ ಅರ್ಜುನ್ ಹೈ" ಅಂದ. ಇದು ನಮ್ಮದು, ನಮ್ಮ ಕನ್ಹಯ್ಯ ಕೆಡವಿದ ಮರ ಅಂತ ಅವನ ವಾದ. ಅಲ್ಲ, ಇದು ನಮ್ಮ ಹೊಳೆಯದು ಅಂತ ಅಪ್ಪನ ವಾದ. ಇಬ್ಬರ ಮಾತೂ ಸರಿಯೇ. ಯಮುನೆಯ ಸೀಮೆಯಲ್ಲೂ ಕಾವೇರಿಯ ದಂಡೆಯಲ್ಲೂ ಯಾರೂ ನೆಡದೆ ತಾನಾಗಿ ಬೆಳೆದ ಮರ ಅದು. ಭೀಮೇಶ್ವರಿಯ ಕಡೆ ಕಾವೇರಿಯ ದಂಡೆಯಲ್ಲಿ ಹೊಳೆಮತ್ತಿಯದೇ ದೊಡ್ಡ ಸಾಲು. ಅಪರೂಪದ ಬೂದು ಬಣ್ಣದ ದೊಡ್ಡ ಅಳಿಲು ಆ ಹೊಳೆಸಾಲಿನ ಮರಗಳಲ್ಲೇ ಗೂಡು ಕಟ್ಟುತ್ತದೆ.

ಹೊರಗಿನಿಂದ ಬಂದ ಮರ ಅಂದರೆ ಬೇರೆ. ದಿಲ್ಲಿಯ ರಿಜ್ ಅನ್ನುವ ಗುಡ್ಡಸಾಲಿನ ತುಂಬ ವಿಲಾಯತಿ ಕೀಕರ್ ಹಬ್ಬಿದೆ. ಅಮೆರಿಕ ಖಂಡದ ಮರ. ಗುಡ್ಡ ಹಸಿರಾಗಲಿ ಅಂತ ಬ್ರಿಟಿಷರ ಕಾಲದಲ್ಲಿ ಹಾಕಿಸಿದ್ದು, ಬೇರೆ ಗಿಡಗಳಿಗೆ ಜಾಗವೇ ಕೊಡದೆ ಹರಡಿತು. ಇದರ ಹೆಸರು ಕೇಳಿ ನಿಮಗೆ ಗುರುತು ಸಿಗಲಿಕ್ಕಿಲ್ಲ, ಮರ ನೋಡಿದರೆ ಸಿಗುತ್ತದೆ. ನಮ್ಮ ಬಯಲುಸೀಮೆಯ ಬಳ್ಳಾರಿ ಜಾಲಿಯೇ ಅದು. ಅಮೆರಿಕದಿಂದ ಬಂದದ್ದಕ್ಕೆ ದಿಲ್ಲಿಯಲ್ಲಿ ವಿಲಾಯತಿ ಅಂತ ಹೆಸರು, ನಮ್ಮಲ್ಲಿ ಬಳ್ಳಾರಿ ಅಂತ. ನಾವು ಮದ್ರಾಸಿಗಳಾದದ್ದೂ ಹೀಗೆಯೇ ಇರಬೇಕು.

ಮೂರು ಬೇಸಿಗೆ ಅಪ್ಪ ಗಿಡಕ್ಕೆ ನೀರು ಹಾಕಿದರು. ಮೇ ತಿಂಗಳ ಲೂ ಗಾಳಿಗೆ ಗೋಣಿಚೀಲ ಕಟ್ಟಿದರು. ನಲ್ಲಿ ಬರುವುದು ಬೆಳಗಿನ ಜಾವ. ಪಾತ್ರೆ ತೊಳೆದ ನೀರೂ ಗಿಡಕ್ಕೇ. ನಾಲ್ಕನೇ ವರ್ಷದ ಮೇಲೆ ಅದು ನಮ್ಮನ್ನು ಕೇಳಲಿಲ್ಲ, ತಾನೇ ಎದ್ದಿತು. ನಾನು ಕಾಲೇಜು ಸೇರುವ ಹೊತ್ತಿಗೆ ಮಹಡಿ ಮನೆಯವರ ಕಿಟಕಿ ಮುಟ್ಟಿತ್ತು. ಏಪ್ರಿಲ್-ಮೇನಲ್ಲಿ ಹಳದಿಬಿಳುಪಿನ ಹೂ, ಜೇನಿನ ವಾಸನೆ. ಅಷ್ಟು ಹೊತ್ತಿಗೆ ಊರಿನಲ್ಲಿ ಪಾಲು ಆಗಿತ್ತು. ತನ್ನ ಪಾಲಿನ ಗದ್ದೆಯನ್ನು ಅಪ್ಪ 1974ರಲ್ಲಿ ಚಿಕ್ಕಪ್ಪನಿಗೇ ಬಿಟ್ಟು ರೊಕ್ಕ ತಗೊಂಡರು, ಅಕ್ಕನ ಮದುವೆಗೆ. ಆಮೇಲೆ ಭೂಮಿ ಅಂತ ಅವರಿಗೆ ಎಲ್ಲೂ ಇರಲಿಲ್ಲ. ತನ್ನದಲ್ಲದ ಜಾಗದಲ್ಲಿ ಒಂದು ಮರ ಇತ್ತು.

1988ರಲ್ಲಿ ಅಪ್ಪ ನಿವೃತ್ತರಾದರು. ಅಮ್ಮ ಹೇಳಿದ ಹಾಗೆ ಬೀಗದ ಕೈ ಕೊಟ್ಟು ಯಮುನೆಯ ಆಚೆ ನನ್ನ ಫ್ಲ್ಯಾಟಿಗೆ ಬಂದರು. ಊರಿಗೆ ಹೋಗೋಣ ಅಂತ ಅಮ್ಮ ಅಂದಾಗ, "ಅಲ್ಲಿ ಏನಿದೆಯೇ?" ಅಂದರು. ಆದರೆ ತಿಂಗಳಿಗೊಂದು ಭಾನುವಾರ, ರಾವ್ ತುಲಾರಾಮ್ ಮಾರ್ಗದ ಕರ್ನಾಟಕ ಸಂಘಕ್ಕೆ ಹೋಗಿ ಬರುತ್ತೇನೆ ಅಂತ ಹೊರಡುತ್ತಿದ್ದರು. ಸಂಘಕ್ಕೆ ಹೋಗುತ್ತಿದ್ದದ್ದು ನಿಜ, ಆದರೆ ಮೊದಲು ಕಾಲೋನಿಗೆ. ಕ್ವಾರ್ಟರ್ಸಿಗೆ ಹೊಸದಾಗಿ ಬಂದವರು ಗಢವಾಲಿನ ಚಮೋಲಿಯವರು, ಗಂಡ ಹೆಂಡತಿ ಮೂರು ಮಕ್ಕಳು. ಆ ತಾಯಿ ಅಪ್ಪನನ್ನು ಒಳಗೆ ಕರೆದು ಚಹಾ ಕೊಡುತ್ತಿದ್ದರಂತೆ. ಚಮೋಲಿ ಅಂದರೆ 1973ರಲ್ಲಿ ಚಿಪ್ಕೋ ಶುರುವಾದ ಜಿಲ್ಲೆ. ಅದರ ಮಾದರಿಯಲ್ಲೇ ನಮ್ಮ ಶಿರಸಿಯ ಕಡೆ, ಸಲ್ಕಣಿಯಲ್ಲಿ, 1983ರ ಸೆಪ್ಟೆಂಬರಿನಲ್ಲಿ ಅಪ್ಪಿಕೋ ನಡೆಯಿತು. ಆ ತಾಯಿಗೆ ಮರ ಅಂದರೆ ಏನು ಅಂತ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅಪ್ಪ ತೀರಿಕೊಂಡದ್ದು 2003ರಲ್ಲಿ. ಸುದ್ದಿ ಕೇಳಿ ಅವರು ಬಸ್ಸು ಬದಲಾಯಿಸಿಕೊಂಡು ಬಂದು ಅಮ್ಮನ ಪಕ್ಕ ಕೂತಿದ್ದರು. ಇಬ್ಬರಿಗೂ ಒಬ್ಬರ ಭಾಷೆ ಒಬ್ಬರಿಗೆ ಅರ್ಧ ಮಾತ್ರ ಗೊತ್ತು.

2018ರ ಜೂನ್‌ನಲ್ಲಿ ಪತ್ರಿಕೆಯಲ್ಲಿ ಸುದ್ದಿ ಬಂತು. ದಕ್ಷಿಣ ದಿಲ್ಲಿಯ ಏಳು ಸರ್ಕಾರಿ ಕಾಲೋನಿಗಳನ್ನು ಕೆಡವಿ ಎತ್ತರದ ಕಟ್ಟಡ ಕಟ್ಟುತ್ತಾರೆ, ಸರೋಜಿನಿ ನಗರ, ನೇತಾಜಿ ನಗರ, ನೌರೋಜಿ ನಗರ ಮುಂತಾದವು. ಅದಕ್ಕಾಗಿ ಹದಿನಾರು ಸಾವಿರಕ್ಕೂ ಹೆಚ್ಚು ಮರ ಹೋಗಬಹುದು ಅಂತ. ನಮ್ಮ ಹಳೆಯ ಕಾಲೋನಿಯದೂ ಅದೇ ಪಾಡು. ಅವತ್ತೇ ಹೋದೆ. ಕ್ವಾರ್ಟರ್ಸುಗಳು ಅರ್ಧಕ್ಕರ್ಧ ಖಾಲಿ, ಬಾಗಿಲು ಕಿಟಕಿ ಕಿತ್ತಿದ್ದರು. ನಮ್ಮ ಮರದ ಮೈಮೇಲೆ ಬಣ್ಣದಲ್ಲಿ ಒಂದು ಸಂಖ್ಯೆ. ತೊಗಟೆ ಸುಲಿದು ಬೀಳುವ ಮರ ಅಲ್ಲವೇ, ಸಂಖ್ಯೆಯ ಒಂದು ಅಂಕಿ ಆಗಲೇ ಚಕ್ಕೆಯ ಜೊತೆ ಉದುರಿತ್ತು.

ಜನ ಬೀದಿಗೆ ಬಂದರು. ಮರಗಳನ್ನು ಅಪ್ಪಿ ನಿಂತರು; ಕಾಲೇಜು ಹುಡುಗರು, ಮಕ್ಕಳನ್ನು ಎತ್ತಿಕೊಂಡ ತಾಯಂದಿರು, ನನ್ನಂಥ ನಿವೃತ್ತರು. ನಾನೂ ಎರಡು ಸಂಜೆ ನಿಂತೆ. ಜೂನ್ 25ರಂದು ದಿಲ್ಲಿ ಹೈಕೋರ್ಟು ಕಡಿಯುವುದನ್ನು ಸದ್ಯಕ್ಕೆ ನಿಲ್ಲಿಸಿತು. ಆ ರಾತ್ರಿ ಮಗಳಿಗೆ ಫೋನು ಮಾಡಿ, "ತಾತನ ಮರ ಉಳೀತು ಕಣೇ" ಅಂದೆ.

ಅವಸರದ ಮಾತಾಗಿತ್ತು ಅದು. ಯೋಜನೆ ಬದಲಾಯಿತು, ನಿಲ್ಲಲಿಲ್ಲ. ದಿಲ್ಲಿಯಲ್ಲಿ 1994ರಿಂದ ಮರರಕ್ಷಣೆಯ ಕಾನೂನು ಇದೆ. ಅನುಮತಿ ಇಲ್ಲದೆ ಕಡಿಯುವ ಹಾಗಿಲ್ಲ, ಅನುಮತಿ ಪಡೆದು ಕಡಿದರೆ ಬದಲಿಗೆ ಸಸಿ ನೆಡಬೇಕು. 2020ರಲ್ಲಿ ಮರಗಳನ್ನು ಬೇರು ಸಮೇತ ಎತ್ತಿ ಬೇರೆ ಕಡೆ ನೆಡುವ ನೀತಿಯೂ ಬಂತು. ಹಾಗೆ ಎತ್ತಿ ನೆಟ್ಟವುಗಳಲ್ಲಿ ಮೂರರಲ್ಲಿ ಒಂದರಷ್ಟು ಮಾತ್ರ ಬದುಕಿವೆ ಅಂತ 2022ರಲ್ಲಿ ಅರಣ್ಯ ಇಲಾಖೆಯೇ ಹೈಕೋರ್ಟಿಗೆ ಲೆಕ್ಕ ಕೊಟ್ಟಿತು. ಐವತ್ತು ವರ್ಷ ಆಳಕ್ಕೆ ಬೇರು ಇಳಿಸಿದ ಮರವನ್ನು ಎತ್ತುವುದೆಂದರೆ ಬೇರಿನ ಬಹುಪಾಲನ್ನು ಅಲ್ಲೇ ಬಿಟ್ಟು ಎತ್ತುವುದು. ಅಪ್ಪನ ವಯಸ್ಸಿನವರನ್ನು ಊರಿಗೆ ವಾಪಸು ಕಳಿಸಿದ ಹಾಗೆ.

2021ರ ಚಳಿಗಾಲದಲ್ಲಿ ಮತ್ತೆ ಹೋದೆ. ಕಾಲೋನಿಯ ಸುತ್ತ ತಗಡಿನ ಗೋಡೆ. ಕಾವಲುಗಾರನನ್ನು ಕೇಳಿ ಒಳಗೆ ಇಣುಕಿದೆ. ನಮ್ಮ ಕ್ವಾರ್ಟರ್ಸ್ ಎಲ್ಲಿತ್ತು ಅಂತಲೇ ಗೊತ್ತಾಗಲಿಲ್ಲ. ಗುರುತಿಗೆ ಇದ್ದದ್ದೇ ಆ ಮರ. ಇದ್ದ ಕಡೆ ಕಟ್ಟಡದ ಪಾಯ ಅಗೆದ ಹೊಂಡ. ರೈಸಿನಾದ ಹಳ್ಳಿಗಳವರನ್ನು ಎಬ್ಬಿಸಿದ್ದನ್ನು ಮೂವತ್ತೈದು ವರ್ಷ ಪಾಠ ಹೇಳಿದವನು ನಾನು. ಆ ಹಳ್ಳಿಗಳಲ್ಲೂ ಅಂಗಳದ ಮರಗಳಿದ್ದಿರಬೇಕು ಅನ್ನುವುದು ಆವತ್ತು ಹೊಳೆಯಿತು.

ಅಲ್ಲಿಗೆ ಕಥೆ ಮುಗಿಯಿತು ಅಂದುಕೊಂಡಿದ್ದೆ. 2023ರಲ್ಲಿ ಒಂದು ಫೋನು. ಆ ಗಢವಾಲಿ ತಾಯಿಯ ಮಗ. "ಅಂಕಲ್, ಅಮ್ಮ ಕೇಳ್ತಿದ್ದಾಳೆ, ನಿಮ್ಮ ಪಿತಾಜಿಯ ಮರದ ಗಿಡ ಒಂದು ನಮ್ಮ ಹತ್ರ ಇದೆ, ಏನು ಮಾಡೋದು?" ಕ್ವಾರ್ಟರ್ಸ್ ಬಿಡುವ ಮೊದಲು ಆ ತಾಯಿ ಮರದ ಕೆಳಗಿನ ಕಾಯಿ ಆರಿಸಿಟ್ಟುಕೊಂಡು ಬಣ್ಣದ ಬಕೆಟ್ಟಿನಲ್ಲಿ ಬಿತ್ತಿದ್ದರಂತೆ. ಈಗ ಅವರಿರುವುದು ಏಳನೇ ಮಹಡಿಯಲ್ಲಿ. ಗಿಡ ಎದೆಮಟ್ಟ ಬಂದು ಬಕೆಟ್ ಸೀಳುತ್ತಿದೆ. ಹೋಗಿ ತಂದೆ. ನನ್ನದೂ ನಾಲ್ಕನೇ ಮಹಡಿಯೇ. ಅರವತ್ತು ವರ್ಷ ದಿಲ್ಲಿಯಲ್ಲಿದ್ದರೂ ಒಂದು ಗಿಡ ನೆಡಲು ಮೂರಡಿ ನೆಲ ನನಗಿಲ್ಲ ಅನ್ನುವುದು ಬಕೆಟ್ ಹಿಡಿದುಕೊಂಡು ಲಿಫ್ಟಿನಲ್ಲಿ ನಿಂತಾಗ ಅರ್ಥವಾಯಿತು.

ಊರಿಗೆ ಒಯ್ಯೋಣವೇ ಅಂತಲೂ ಯೋಚಿಸಿದೆ. ಚಿಕ್ಕಪ್ಪನ ಮಗ ಫೋನಿನಲ್ಲಿ, "ಹೊಳೆಮತ್ತಿ ಇಲ್ಲೇ ಬೇಕಾದಷ್ಟಿದೆ ಬಿಡೋ, ಅಲ್ಲೇ ಹಾಕು. ಅಲ್ಲಿ ನೆರಳು ಬೇಕು" ಅಂದ. ಸರಿ ಅನ್ನಿಸಿತು. ನಮ್ಮ ಬಡಾವಣೆಯ ಪಾರ್ಕಿನ ಮೂಲೆಯಲ್ಲಿ, ನೀರಿನ ಪಂಪಿನ ಪಕ್ಕ, ಕೇಳಬೇಕಾದವರನ್ನು ಕೇಳಿ, 2024ರ ಮಳೆ ಶುರುವಾದ ಮೇಲೆ ನೆಟ್ಟೆವು. ಆ ತಾಯಿಯೂ ಬಂದಿದ್ದರು, ಗಾಲಿಕುರ್ಚಿಯಲ್ಲಿ. ಪಾರ್ಕಿನ ಮಾಲಿ ಬಿಹಾರದವನು. ಗಿಡ ನೋಡಿ, ಇದು ನಮ್ಮ ಕಡೆ ಬಹಳ, ಕಹುವಾ ಅಂತೀವಿ ಅಂದ. ನಾನು ವಾದಿಸಲಿಲ್ಲ.

ಮೊದಲ ಮೂರು ಬೇಸಿಗೆ ನೀರು ತಪ್ಪಬಾರದು. ಒಂದು ಕಳೆದಿದೆ. ಗೋಣಿಚೀಲ ಈಗ ಸುಲಭಕ್ಕೆ ಸಿಗುವುದಿಲ್ಲ, ಹಳೆಯ ಬೆಡ್‌ಶೀಟ್ ಕಟ್ಟಿದ್ದೆ. ನನಗೆ ಅರವತ್ತೆಂಟು. ಬೆಳಿಗ್ಗೆ ಆರಕ್ಕೆ ಎರಡು ಬಕೆಟ್, ಪಂಪ್ ಹತ್ತಿರದಲ್ಲೇ ಇದೆ.